‘ಕತ್ತೆ’ಯನ್ನು ‘ಕತೆ’ ಎಂದು ಬರೆಯುವ ಮಗ: ಸೋಮಾರಿತನವೋ, ಡಿಸ್ಲೆಕ್ಸಿಯಾವೋ?

ಪ್ರಶ್ನೆ: ನನ್ನ ಮಗನಿಗೆ ಎಂಟೂವರೆ ವರ್ಷ. ಇಂಗ್ಲಿಷ್ ಮಾಧ್ಯಮದಲ್ಲಿ ಮೂರನೇ ಕ್ಲಾಸು, ಮನೆಮಾತು ಕನ್ನಡ. ಮಾತಿನಲ್ಲಿ ಚುರುಕು. ಒಮ್ಮೆ ಕೇಳಿದ ಕಥೆ ಮರೆಯುವುದಿಲ್ಲ, ಬಾಯಿಲೆಕ್ಕವನ್ನೂ ಬೇಗ ಮಾಡುತ್ತಾನೆ. ಪುಸ್ತಕ ಕೊಟ್ಟರೆ ಮಾತ್ರ ಒದ್ದಾಡುತ್ತಾನೆ. ಪಾಠವನ್ನು ಬಾಯಿಪಾಠ ಮಾಡಿಕೊಂಡು ಓದಿದ ಹಾಗೆ ಒಪ್ಪಿಸುತ್ತಾನೆ. ಮಧ್ಯದ ಒಂದು ಪದ ತೋರಿಸಿ ಕೇಳಿದರೆ ಗೊತ್ತಿರುವುದಿಲ್ಲ. ಬೋರ್ಡ್ ನೋಡಿ ಬರೆದದ್ದು ಸರಿಯಾಗಿರುತ್ತದೆ. ಉಕ್ತಲೇಖನದಲ್ಲಿ ‘ಕತ್ತೆ’ ಹೋಗಿ ‘ಕತೆ’, ‘ಬಂದಳು’ ಹೋಗಿ ‘ಬದಳು’, ‘ಸೂರ್ಯ’ ಹೋಗಿ ‘ಸೂಯ’ ಆಗುತ್ತದೆ. ಇಂಗ್ಲಿಷಿನಲ್ಲಿ ಬಿ, ಡಿ ಅದಲುಬದಲು. ‘ಬುದ್ಧಿವಂತ, ಆದರೆ ಸೋಮಾರಿ’ ಅನ್ನುತ್ತಾರೆ ಟೀಚರ್. ಕಣ್ಣಿನ ಡಾಕ್ಟರು ದೃಷ್ಟಿ ಸರಿಯಿದೆ ಎಂದರು. ಒಬ್ಬರು ಬಣ್ಣದ ಕನ್ನಡಕ ಹಾಕಿಸಿ ಅನ್ನುತ್ತಾರೆ, ಇನ್ನೊಬ್ಬರು ಮಿದುಳು ಚುರುಕಾಗುತ್ತದೆ ಎನ್ನುವ ‘ಮಿಡ್‌ಬ್ರೈನ್’ ತರಬೇತಿಗೆ ಸೇರಿಸಿ ಅನ್ನುತ್ತಾರೆ. ನನ್ನ ಯಜಮಾನರೂ ಚಿಕ್ಕಂದಿನಲ್ಲಿ ಹೀಗೇ ಇದ್ದರಂತೆ, ಈಗಲೂ ಪೇಪರ್ ಓದುವುದು ನಿಧಾನ. ಇದು ಡಿಸ್ಲೆಕ್ಸಿಯಾವೇ? ಕನ್ನಡ ಮಾಧ್ಯಮಕ್ಕೆ ಹಾಕಬೇಕೇ? ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸಬೇಕೇ? ಸರ್ಟಿಫಿಕೇಟ್ ಮಾಡಿಸಿದರೆ ಹಣೆಪಟ್ಟಿ ಅಂಟಿಕೊಳ್ಳುತ್ತದೆಯೇ? ಐದು ವರ್ಷದ ಮಗಳಿದ್ದಾಳೆ, ಅವಳಿಗೂ ಬರಬಹುದೇ?

ಉತ್ತರ: ಪತ್ರ ಓದಿ ಡಿಸ್ಲೆಕ್ಸಿಯಾ (ಓದು–ಬರಹ ಕಲಿಯುವುದರಲ್ಲಿ ಇರುವ ತೊಡಕು) ಎಂದು ತೀರ್ಪು ಕೊಡಲಾಗದು, ಪರೀಕ್ಷೆ ಆಗಲೇಬೇಕು. ಆದರೆ ನೀವು ಬರೆದಿರುವ ಲಕ್ಷಣಗಳೆಲ್ಲ ಅತ್ತಲೇ ಬೊಟ್ಟು ಮಾಡುತ್ತಿವೆ, ಅದರಲ್ಲೂ ಆ ಮೂರು ತಪ್ಪುಗಳು. ಅವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಬೋರ್ಡ್ ನೋಡಿ ಬರೆಯುವಾಗ ಮಗು ಅಕ್ಷರವನ್ನು ಚಿತ್ರದಂತೆ ನಕಲು ಮಾಡಬಹುದು, ಕಣ್ಣು ಮತ್ತು ಕೈ ಇದ್ದರೆ ಸಾಕು. ಉಕ್ತಲೇಖನದಲ್ಲಿ ಕಿವಿಗೆ ಬಿದ್ದ ಪದವನ್ನು ಸದ್ದುಸದ್ದಾಗಿ ಬಿಡಿಸಿ, ಪ್ರತಿ ಸದ್ದಿಗೂ ತಕ್ಕ ಗುರುತನ್ನು ನೆನಪಿನಿಂದ ತೆಗೆಯಬೇಕು. ‘ಕತ್ತೆ’ ಎಂದರೆ ಯಾವ ಪ್ರಾಣಿ ಎಂದು ನಿಮ್ಮ ಮಗನಿಗೆ ಚೆನ್ನಾಗಿ ಗೊತ್ತು, ಮಾತಿನಲ್ಲಿ ಅವನು ‘ಕತೆ’ಗೂ ‘ಕತ್ತೆ’ಗೂ ಗೊಂದಲ ಮಾಡಿಕೊಳ್ಳುವುದಿಲ್ಲ. ಆದರೆ ಆ ಪದದೊಳಗೆ ‘ತ್’ ಒಂದು ಕ್ಷಣ ತಡೆದು ನಿಲ್ಲುತ್ತದೆ ಎಂಬುದನ್ನು ಬೇರ್ಪಡಿಸಿ ಗಮನಿಸುವುದು ಅವನಿಗೆ ಕಷ್ಟ. ‘ಬಂದಳು’ ಪದದಲ್ಲಿ ಸೊನ್ನೆ ಜಾರಿದ್ದೂ ಇದೇ ಕಾರಣಕ್ಕೆ. ‘ಸೂರ್ಯ’ದಲ್ಲಿ ತೊಡಕು ಎರಡಾಗುತ್ತದೆ: ಕಿವಿಗೆ ‘ರ್’ ಮೊದಲು, ‘ಯ’ ಆಮೇಲೆ, ಕೈಗೆ ‘ಯ’ ಮೊದಲು, ಅರ್ಕಾವೊತ್ತು ಆಮೇಲೆ. ಸದ್ದಿನ ಸಾಲಿಗೂ ಬರಹದ ಸಾಲಿಗೂ ಇಲ್ಲಿ ತಾಳೆಯೇ ಇಲ್ಲ. ಸೋಮಾರಿ ಮಗುವಿನ ತಪ್ಪುಗಳು ಎಲ್ಲೆಂದರಲ್ಲಿ ಇರುತ್ತವೆ. ನಿಮ್ಮ ಮಗನ ತಪ್ಪುಗಳು ಒತ್ತು, ಸೊನ್ನೆ, ಅರ್ಕಾವೊತ್ತು ಇರುವ ಕಡೆಯೇ ಆಗುತ್ತಿವೆ.

ಡಿಸ್ಲೆಕ್ಸಿಯಾದ ತಿರುಳು ಇಷ್ಟೇ: ಮಾತಿನ ಸದ್ದುಗಳನ್ನು ಬಿಡಿಸಿ ಹಿಡಿಯುವುದರಲ್ಲಿ, ಸದ್ದಿಗೂ ಅಕ್ಷರಕ್ಕೂ ಗಂಟು ಹಾಕುವುದರಲ್ಲಿ, ಹಾಕಿದ ಗಂಟನ್ನು ಬೇಗ ನೆನಪಿಗೆ ತರುವುದರಲ್ಲಿ ಮಿದುಳಿಗೆ ಹುಟ್ಟಿನಿಂದಲೇ ಇರುವ ತೊಡಕು. ಬುದ್ಧಿಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಅವನು ಚುರುಕಿನ ಹುಡುಗನಾಗಿರುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದರು. ಆಗ ಇದನ್ನು ‘ಪದಕುರುಡು’ ಎಂದು ಕರೆದರು. ಇಂದಿಗೂ ಜನ ಮೊದಲು ಕಣ್ಣಿನ ಡಾಕ್ಟರ ಬಳಿಗೆ ಓಡುವುದಕ್ಕೆ ಆ ಹೆಸರಿನ ನೆರಳೂ ಒಂದು ಕಾರಣ ಇರಬೇಕು. ದೃಷ್ಟಿ ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯಿತು, ಅಲ್ಲಿಗೆ ಕಣ್ಣಿನ ವಿಷಯ ಮುಗಿಯಿತು. ಬಣ್ಣದ ಕನ್ನಡಕದಿಂದಾಗಲಿ, ಕಣ್ಣಿನ ವ್ಯಾಯಾಮದಿಂದಾಗಲಿ ಡಿಸ್ಲೆಕ್ಸಿಯಾ ಸರಿಹೋಗುತ್ತದೆ ಎನ್ನಲು ಪುರಾವೆ ಇಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ‘ಮಿಡ್‌ಬ್ರೈನ್’ ತರಬೇತಿಗೆ ವೈಜ್ಞಾನಿಕ ಆಧಾರವೇ ಇಲ್ಲ. ಆ ದುಡ್ಡನ್ನು ಒಳ್ಳೆಯ ವಿಶೇಷ ಶಿಕ್ಷಕರಿಗೆ ಕೊಡಿ. ನೆನಪಿನ ಟಾನಿಕ್ಕುಗಳಿಗೂ ಇದೇ ಮಾತು.

ಬಿ–ಡಿ ಅದಲುಬದಲಾಗುವುದೊಂದನ್ನೇ ಹಿಡಿದು ಹೆದರಬೇಡಿ. ಆರೇಳು ವರ್ಷದವರೆಗೆ ಅದು ಬಹಳಷ್ಟು ಮಕ್ಕಳಲ್ಲಿ ಕಾಣುವಂಥದ್ದು. ಎಷ್ಟೋ ಡಿಸ್ಲೆಕ್ಸಿಕ್ ಮಕ್ಕಳಲ್ಲಿ ಅದು ಇರುವುದೇ ಇಲ್ಲ.

ಕನ್ನಡದ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ನಮ್ಮ ಬರಹ ಬಹುಮಟ್ಟಿಗೆ ಉಚ್ಚಾರಕ್ಕೆ ನಿಷ್ಠವಾದದ್ದು, ಆದ್ದರಿಂದ ಕನ್ನಡ ಓದುವ ಮಕ್ಕಳಿಗೆ ಡಿಸ್ಲೆಕ್ಸಿಯಾ ಬರುವುದಿಲ್ಲ ಎಂದು ಕೆಲವು ಶಿಕ್ಷಕರೂ ನಂಬಿದ್ದಾರೆ. ಅದು ಸರಿಯಲ್ಲ. ವರ್ಣಮಾಲೆ 49 ಅಕ್ಷರಗಳದ್ದೇ ಇರಬಹುದು. ಕಾಗುಣಿತ ಸೇರಿದರೆ ಕಲಿಯಬೇಕಾದ ರೂಪಗಳು ನಾನೂರು ದಾಟುತ್ತವೆ, ಒತ್ತಕ್ಷರಗಳ ಲೆಕ್ಕ ಬೇರೆ. ಬೆಂಗಳೂರಿನ ಶಾಲೆಗಳಲ್ಲಿ ಕನ್ನಡದ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರ ಕೆಲಸ ತೋರಿಸಿದ್ದೂ ಇದನ್ನೇ: ಇಂಗ್ಲಿಷ್ ಮಕ್ಕಳು ಅಕ್ಷರಗಳನ್ನು ಒಂದೆರಡು ವರ್ಷದಲ್ಲಿ ಮುಗಿಸಿದರೆ, ಕನ್ನಡದಲ್ಲಿ ಅಕ್ಷರಜ್ಞಾನ ಗಟ್ಟಿಯಾಗುವುದು ನಾಲ್ಕನೇ ಕ್ಲಾಸಿನ ಹೊತ್ತಿಗೂ ಮುಂದುವರಿದಿರುತ್ತದೆ. ಹಾಗಾಗಿ ಮೂರನೇ ಕ್ಲಾಸಿನ ಮಗು ಒತ್ತಕ್ಷರದಲ್ಲಿ ಒಮ್ಮೊಮ್ಮೆ ತಪ್ಪಿದರೆ ಗಾಬರಿ ಬೇಡ. ಕಾಗುಣಿತದಲ್ಲೇ ತಡವರಿಸಿ, ಬಿಡಿ ಪದವನ್ನೂ ಓದಲಾಗದೆ, ಜೊತೆಯವರಿಗಿಂತ ಎದ್ದುಕಾಣುವಷ್ಟು ಹಿಂದಿದ್ದರೆ ಕಾಯುವುದು ತಪ್ಪು. ‘ಗಂಡುಮಕ್ಕಳು ನಿಧಾನ, ಮುಂದೆ ತಾನಾಗಿ ಬರುತ್ತದೆ’ ಎನ್ನುವ ಸಮಾಧಾನ ಇಂಥ ಮಕ್ಕಳ ಅತ್ಯಮೂಲ್ಯ ವರ್ಷಗಳನ್ನು ತಿನ್ನುತ್ತದೆ.

ಪರೀಕ್ಷೆಗೆ ಮುನ್ನ ಕಿವಿ ತೋರಿಸಿ. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿದ್ದ ಮಕ್ಕಳಿಗೆ ಸಣ್ಣ ಪ್ರಮಾಣದ ಶ್ರವಣದೋಷ ಇದ್ದರೂ ಇದೇ ಥರದ ತಪ್ಪುಗಳಾಗಬಹುದು. ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಪೂರ್ಣ ಮೌಲ್ಯಮಾಪನ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಸಂಸ್ಥೆಗಳು. ಅಷ್ಟು ದೂರ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಿಂದ ಶುರು ಮಾಡಿ. ಮೌಲ್ಯಮಾಪನದಲ್ಲಿ ಬುದ್ಧಿಶಕ್ತಿಯ ಪರೀಕ್ಷೆ, ಓದು–ಬರಹ–ಲೆಕ್ಕದ ಪರೀಕ್ಷೆ, ಗಮನದ ಪರೀಕ್ಷೆ ಮೂರೂ ಇರಬೇಕು, ಏಕೆಂದರೆ ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ) ಹಲವು ಸಲ ಜೊತೆಯಲ್ಲೇ ಇರುತ್ತದೆ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ ಕಲಿಸಿದ್ದು ನಿಲ್ಲುವುದಿಲ್ಲ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಓದಿಸಿ ನೋಡಿ ಎಂದು ನೀವೇ ಕೇಳಿ. ಇಂಗ್ಲಿಷಿನಲ್ಲಷ್ಟೇ ನೋಡಿದರೆ ಭಾಷೆ ಬಾರದೆ ಆದ ತಪ್ಪು ಯಾವುದು, ಡಿಸ್ಲೆಕ್ಸಿಯಾದಿಂದ ಆದದ್ದು ಯಾವುದು ಎಂದು ತಿಳಿಯುವುದಿಲ್ಲ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಎಂಬ ಪರೀಕ್ಷಾ ಸಾಧನ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ, ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ.

ವರದಿ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಈಗ ಹೇಳುವ ಅಭ್ಯಾಸ ಡಿಸ್ಲೆಕ್ಸಿಯಾ ಇಲ್ಲದಿದ್ದರೂ ಒಳ್ಳೆಯದನ್ನೇ ಮಾಡುತ್ತದೆ. ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ, ಮಗು ದಣಿಯುವ ಮೊದಲು. ಭಾನುವಾರ ಎರಡು ಗಂಟೆ ಕೂರಿಸಿ ವಾರವಿಡೀ ಬಿಟ್ಟರೆ ಏನೂ ಉಳಿಯುವುದಿಲ್ಲ. ಕನ್ನಡದಿಂದಲೇ ಆರಂಭಿಸಿ: ಪದಗಳು ಅವನಿಗೆ ಮೊದಲೇ ಗೊತ್ತಿವೆ, ಒಂದೊಂದು ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ಸದ್ದು.

ಮೊದಲ ದಿನ ಅವನು ಎಲ್ಲಿದ್ದಾನೆ ಎಂದು ಪತ್ತೆ ಮಾಡಿ. 34 ವ್ಯಂಜನಗಳನ್ನು ಒಂದೊಂದು ಕಾರ್ಡಿನಲ್ಲಿ ಬರೆದು, ಕಲಸಿ, ಒಂದೊಂದೇ ತೋರಿಸಿ. ಎರಡು ಸೆಕೆಂಡಿನೊಳಗೆ ಸರಿಯಾಗಿ ಹೇಳಿದ್ದು ಒಂದು ಕಡೆ, ತಡವಾದದ್ದು ಅಥವಾ ತಪ್ಪಾದದ್ದು ಇನ್ನೊಂದು ಕಡೆ. ಕ್ರಮವಾಗಿ ವರ್ಣಮಾಲೆ ಒಪ್ಪಿಸುವುದು ಲೆಕ್ಕಕ್ಕಿಲ್ಲ, ಅದು ಹಾಡು. ಕಾಗುಣಿತಕ್ಕೂ ಹೀಗೇ ಮಾಡಿ. ‘ಕೇ’ ತೋರಿಸಿದಾಗ ಮಗು ಒಳಗೊಳಗೇ ‘ಕ, ಕಾ, ಕಿ, ಕೀ…’ ಎಂದು ಮೊದಲಿಂದ ಹಾಡಿಕೊಂಡು ಬರುವುದನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು. ಇದನ್ನು ಬಿಡಿಸಲು ಕಾಗುಣಿತವನ್ನು ಒಂದು ವ್ಯಂಜನದ ಸಾಲಾಗಿ ಕಲಿಸದೆ ಒಂದು ಸ್ವರದ ಸಾಲಾಗಿ ಕಲಿಸಬೇಕು: ಈ ವಾರ ಗುಡಿಸು ಮಾತ್ರ, ಗಿ, ರಿ, ಲಿ, ತಿ, ನಿ. ಅದು ಗಟ್ಟಿಯಾದ ಮೇಲೆ ಕೊಂಬು. ಗುಡಿಸು ಮತ್ತು ಗುಡಿಸಿನ ದೀರ್ಘ ಒಂದೇ ವಾರ ಬೇಡ.

ಕರ್ನಾಟಕದ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ‘ರ ಗ ಸ ದ ಅ’ದಿಂದ ಶುರು ಮಾಡುವ ಕ್ರಮ ಇಂಥ ಮಕ್ಕಳಿಗೂ ಚೆನ್ನಾಗಿ ಹೊಂದುತ್ತದೆ. ಐದೇ ಅಕ್ಷರ ಕಲಿತರೂ ಅರ, ಗರಗಸ, ಸರ, ದರ ಎಂದು ಪದ ಓದಬಹುದು. ಅದರ ಮುಂದಿನ ‘ಜ ವ ಮ ಬ ನ’ದಲ್ಲಿ ಮಾತ್ರ ಒಂದು ಬದಲಾವಣೆ ಮಾಡಿ: ‘ವ’ ಮತ್ತು ‘ಮ’ ಒಟ್ಟಿಗೆ ಬೇಡ. ಒಂದು ಪೂರ್ತಿ ನಿಂತ ಎರಡು ಮೂರು ವಾರದ ನಂತರ ಇನ್ನೊಂದು. ಪ–ಷ–ಫ, ದ–ಧ–ಥ, ರ–ಠ ಗುಂಪುಗಳಿಗೂ ಇದೇ ನಿಯಮ. ‘ವು’ ಮತ್ತು ‘ಮ’ ಎಷ್ಟು ಹತ್ತಿರ ಎಂಬುದು ಬೆಳೆದವರ ಕಣ್ಣಿಗೆ ಬೀಳುವುದೇ ಇಲ್ಲ, ಮಗುವಿಗೆ ಅದು ದೊಡ್ಡ ಬಲೆ. ವಾರಕ್ಕೆ ಹೊಸದಾಗಿ ನಾಲ್ಕೈದು ರೂಪಗಳಿಗಿಂತ ಹೆಚ್ಚು ಬೇಡ. ಹತ್ತರಲ್ಲಿ ಒಂಬತ್ತು ಸಲ ತಡೆಯಿಲ್ಲದೆ ಹೇಳುವವರೆಗೆ ಮುಂದೆ ಹೋಗಬೇಡಿ. ಮನೆಪಾಠ ಕೈಕೊಡುವುದು ಸಾಮಾನ್ಯವಾಗಿ ಇಲ್ಲೇ. ಸಿಲಬಸ್ ಮುಂದೆ ಓಡುತ್ತಿದೆ ಎಂಬ ಆತುರಕ್ಕೆ ಅರೆಬರೆ ಕಲಿತದ್ದರ ಮೇಲೆ ಹೊಸದನ್ನು ಹೇರುತ್ತೇವೆ.

ಇಪ್ಪತ್ತು ನಿಮಿಷದಲ್ಲಿ ಮೊದಲ ಐದು ನಿಮಿಷ ಪುಸ್ತಕವೇ ಬೇಡ, ಬರೀ ಬಾಯಿ ಮತ್ತು ಕಿವಿ. ‘ಅರಮನೆಯಿಂದ ಅರ ತೆಗೆದರೆ?’ ‘ಕಾಗದದಿಂದ ಕಾ ತೆಗೆದರೆ?’ ಆಮೇಲೆ ಸ್ವರ ಬದಲಿಸುವ ಆಟ: ‘ಮರ’ದ ಕೊನೆಯ ‘ಅ’ ತೆಗೆದು ‘ಇ’ ಹಾಕು, ಏನಾಯಿತು? ‘ಮರಿ’. ನಂತರದ ಐದಾರು ನಿಮಿಷ ಕಾರ್ಡು. ಮುಂದಿನ ಐದು ನಿಮಿಷ ಒಂದೇ ಗುರುತು ಬದಲಾಗುತ್ತ ಹೋಗುವ ಪದಗಳ ಸಾಲು: ಬಳೆ, ಬಾಳೆ, ಬೇಳೆ, ಬೆಳೆ. ಕಾಲು, ಕೀಲು, ಕೋಲು. ಇಲ್ಲಿ ಊಹೆ ನಡೆಯುವುದಿಲ್ಲ, ಪ್ರತಿ ಗುರುತನ್ನೂ ನೋಡಲೇಬೇಕು. ಬಾಯಿಪಾಠದ ಮೇಲೆ ನಿಂತಿರುವ ನಿಮ್ಮ ಮಗನಿಗೆ ಬೇಕಾದದ್ದು ಇದೇ. ಕೊನೆಯ ನಾಲ್ಕು ನಿಮಿಷ ಇವೇ ಪದಗಳ ಉಕ್ತಲೇಖನ, ಐದಾರು ಪದ ಸಾಕು.

ಒತ್ತಕ್ಷರಕ್ಕೆ ಬಂದಾಗ ಎಲ್ಲರೂ ‘ಅಮ್ಮ’ದಿಂದ ಶುರು ಮಾಡುತ್ತಾರೆ. ಆದರೆ ‘ಮ’ದ ಒತ್ತು ನೋಡಲು ‘ಮ’ದಂತಿಲ್ಲ. ತ, ನ, ಯ, ರ, ಲ ಒತ್ತುಗಳೂ ಹಾಗೇ. ಮೂಲರೂಪವನ್ನು ಹೋಲುವ ಒತ್ತುಗಳಿಂದ ಆರಂಭಿಸಿ: ಅಜ್ಜ, ಹಬ್ಬ, ಉಪ್ಪು, ಗೆದ್ದ, ಹಳ್ಳಿ. ಅವು ಕೂತ ಮೇಲೆ ಅಮ್ಮ, ಅನ್ನ, ಹತ್ತು, ಹಲ್ಲು. ಆಮೇಲೆ ‘ಪುಸ್ತಕ’, ‘ಚಕ್ರ’ದಂಥ ವಿಜಾತೀಯ ಒತ್ತು, ಕಟ್ಟಕಡೆಗೆ ಅರ್ಕಾವೊತ್ತು. ತಡೆದು ನಿಲ್ಲುವ ಸದ್ದನ್ನು ಮೈಗೆ ತಾಕುವಂತೆ ಮಾಡಿ: ‘ಕತ್‌–ತೆ’ ಎನ್ನುವಾಗ ಅಂಗೈಯನ್ನು ಮೇಜಿಗೆ ಒತ್ತಿ ಹಿಡಿದು ಬಿಡಲಿ, ‘ಕತೆ’ಗೆ ಒತ್ತುವುದು ಬೇಡ. ಬಳಿ–ಬಳ್ಳಿ, ಕೊಳ–ಕೊಳ್ಳ, ಕತೆ–ಕತ್ತೆ ಜೋಡಿಗಳನ್ನು ಹೇಳಿ, ಕೈ ಒತ್ತಿದ ಪದಕ್ಕಷ್ಟೇ ಒತ್ತು ಬರೆಯಲಿ. ಮರಳಿನಲ್ಲಿ, ರಾಗಿಹಿಟ್ಟಿನಲ್ಲಿ ಬೆರಳಿಂದ ಬರೆಸುವುದು ಒಳ್ಳೆಯದೇ, ಆದರೆ ಬರೆಯುತ್ತಲೇ ಬಾಯಲ್ಲಿ ಆ ಸದ್ದು ಹೇಳಬೇಕು. ಸದ್ದಿಲ್ಲದ ತಿದ್ದುವಿಕೆ ಬರೀ ಚಿತ್ರಕಲೆ. ತಪ್ಪಾದ ಪದವನ್ನು ಇಪ್ಪತ್ತು ಸಲ ಬರೆಸುವ ಇಂಪೊಸಿಷನ್ನಿನಿಂದ ಪ್ರಯೋಜನವಿಲ್ಲದ್ದು ಇದೇ ಕಾರಣಕ್ಕೆ: ಎರಡನೇ ಸಾಲಿನಿಂದ ಮಗು ಮೇಲಿನ ಸಾಲನ್ನು ನಕಲು ಮಾಡುತ್ತಿರುತ್ತದೆ.

ಎಂಟು ಹತ್ತು ವಾರದ ನಂತರ ಸಣ್ಣ ಗದ್ಯ ಕೊಡಿ, 50ರಿಂದ 60 ಪದ, ಕಲಿತ ಅಕ್ಷರಗಳೇ ಹೆಚ್ಚಿರುವಂಥದ್ದು. ಇಪ್ಪತ್ತು ಪದಕ್ಕೆ ಎರಡಕ್ಕಿಂತ ಹೆಚ್ಚು ತಪ್ಪಾದರೆ ಆ ಗದ್ಯ ಅವನಿಗೆ ಭಾರ, ಬದಲಿಸಿ. ಒಂದೇ ಗದ್ಯವನ್ನು ಮೂರು ಸಲ ಓದಿಸಿ. ತಡೆದಾಗ ನಾಲ್ಕು ಸೆಕೆಂಡು ಸುಮ್ಮನಿರಿ, ಆಮೇಲೆ ಕಾರ್ಡಿನಿಂದ ಪದ ಮುಚ್ಚಿ ಒಂದೊಂದೇ ಅಕ್ಷರ ತೆರೆಯಿರಿ. ಆಗಲೂ ಬಾರದಿದ್ದರೆ ನೀವೇ ಹೇಳಿ, ಆ ವಾಕ್ಯವನ್ನು ಮತ್ತೆ ಓದಿಸಿ. ‘ಚಿತ್ರ ನೋಡಿ ಊಹಿಸು’ ಅನ್ನಬೇಡಿ, ಊಹೆಯಲ್ಲಿ ಅವನು ಈಗಾಗಲೇ ನಿಪುಣ.

ಇದರ ಜೊತೆಗೆ ದಿನವೂ ಹತ್ತು ನಿಮಿಷ ನೀವು ಅವನಿಗೆ ಓದಿ ಹೇಳಿ: ಕಥೆ, ವಿಜ್ಞಾನ, ಸಮಾಜ, ಯಾವುದಾದರೂ. ಓದು ಹಿಂದುಳಿದ ಕಾರಣಕ್ಕೆ ತಿಳಿವಳಿಕೆಯೂ ಹಿಂದುಳಿಯಬಾರದು. ಎಷ್ಟೋ ಮಕ್ಕಳಲ್ಲಿ ಐದಾರನೇ ಕ್ಲಾಸಿನ ಹೊತ್ತಿಗೆ ಆಗುವ ದೊಡ್ಡ ನಷ್ಟ ಇದು.

ನಿರೀಕ್ಷೆ ಎಷ್ಟಿರಬೇಕು? ತಪ್ಪು ಮೊದಲು ಕಡಿಮೆಯಾಗುತ್ತದೆ, ವೇಗ ತಡವಾಗಿ ಬರುತ್ತದೆ, ಪೂರ್ತಿ ಬಾರದೆಯೂ ಇರಬಹುದು. ನಿಮ್ಮ ಯಜಮಾನರು ಈಗಲೂ ನಿಧಾನವಾಗಿ ಓದುವುದು ಅದಕ್ಕೇ ಇರಬಹುದು. ಡಿಸ್ಲೆಕ್ಸಿಯಾ ‘ವಾಸಿ’ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಓದಲು ಕಲಿಸಬಹುದು, ಅದು ಖಂಡಿತ. ಮೂರು ತಿಂಗಳು ಬಿಡದೆ ಮಾಡಿದರೂ ತಪ್ಪಾದ ಕಾರ್ಡುಗಳ ರಾಶಿ ಕರಗದಿದ್ದರೆ ಮನೆಪಾಠ ಸಾಲದು, ತರಬೇತಿ ಪಡೆದ ವಿಶೇಷ ಶಿಕ್ಷಕರು ವಾರಕ್ಕೆ ಎರಡು ಮೂರು ಸಲ ಒಬ್ಬನನ್ನೇ ಕೂರಿಸಿ ಕಲಿಸಬೇಕು.

ಇಂಗ್ಲಿಷನ್ನು ಕನ್ನಡದ ಕಾಗುಣಿತ ನಿಂತ ಮೇಲೆ ಹೀಗೇ ಸದ್ದಿನಿಂದ ಕಲಿಸಿ. ಅಲ್ಲಿ 26 ಅಕ್ಷರಕ್ಕೆ ಸುಮಾರು 44 ಸದ್ದು, ಒಂದೇ ಅಕ್ಷರಕ್ಕೆ ಹಲವು ಉಚ್ಚಾರ. ಆದ್ದರಿಂದ ಕನ್ನಡದಲ್ಲಿ ದಡ ಸೇರಿದ ಮಗುವೂ ಇಂಗ್ಲಿಷಿನಲ್ಲಿ ಬಹಳ ದಿನ ಒದ್ದಾಡುವುದು ಸಹಜ.

ಮಾಧ್ಯಮ ಬದಲಿಸುವುದು ಚಿಕಿತ್ಸೆಯಲ್ಲ, ಆದರೆ ಕೆಲವರಿಗೆ ಭಾರ ಇಳಿಸುತ್ತದೆ. ಒಂದು ಸಣ್ಣ ಪರೀಕ್ಷೆ ಮಾಡಿ. ಅವನ ಇಂಗ್ಲಿಷ್ ಪರಿಸರ ಪಾಠವನ್ನು ನೀವೇ ಗಟ್ಟಿಯಾಗಿ ಓದಿ, ಅರ್ಥವಾದದ್ದನ್ನು ಕನ್ನಡದಲ್ಲಿ ಹೇಳು ಅನ್ನಿ. ಬಹುಪಾಲು ಹೇಳಿದರೆ ಭಾಷೆ ತೊಡಕಲ್ಲ, ಇದ್ದಲ್ಲೇ ಇರಲಿ. ಅರ್ಧವೂ ಹೇಳಲಾಗದಿದ್ದರೆ ಅವನು ಎರಡು ಹೊರೆ ಹೊತ್ತಿದ್ದಾನೆ, ಕನ್ನಡ ಮಾಧ್ಯಮ ಯೋಚಿಸುವಂಥದ್ದೇ. ಅಪಾಯಗಳೂ ಇವೆ: ಸ್ನೇಹಿತರು ತಪ್ಪುತ್ತಾರೆ, ಮುಂದೆ ಇಂಗ್ಲಿಷಿಗೆ ಮರಳುವಾಗ ಇನ್ನೊಂದು ಏರು ಹತ್ತಬೇಕು. ನನ್ನ ಅಭಿಪ್ರಾಯದಲ್ಲಿ ಮಾಧ್ಯಮಕ್ಕಿಂತ ನಮ್ಮ ಮಾತಿಗೆ ಕಿವಿಗೊಡುವ ಶಾಲೆ ಮುಖ್ಯ. ಎಲ್ಲರೆದುರು ಗಟ್ಟಿಯಾಗಿ ಓದಿಸದ, ಉತ್ತರವನ್ನು ಬಾಯಲ್ಲಿ ಹೇಳಲು ಬಿಡುವ, ವಿಜ್ಞಾನದ ಉತ್ತರದಲ್ಲಿ ಕಾಗುಣಿತಕ್ಕೆ ಅಂಕ ಕಳೆಯದ ಟೀಚರ್ ಯಾವ ಮಾಧ್ಯಮದಲ್ಲಿ ಸಿಕ್ಕರೂ ಪುಣ್ಯ. ಅದೇ ಕ್ಲಾಸಿನಲ್ಲಿ ಮತ್ತೆ ಕೂರಿಸಬೇಡಿ. ಕೆಲಸ ಮಾಡದ ವಿಧಾನವನ್ನೇ ಇನ್ನೊಂದು ವರ್ಷ ಉಣಿಸಿದಂತಾಗುತ್ತದೆ, ಜೊತೆಗೆ ‘ನಾನು ದಡ್ಡ’ ಎಂಬ ಮುದ್ರೆ ಬೀಳುತ್ತದೆ.

ಸರ್ಟಿಫಿಕೇಟ್ ಬಗ್ಗೆ ನಿಮ್ಮ ಅಳುಕು ಅರ್ಥವಾಗುತ್ತದೆ. ‘ಸೋಮಾರಿ’ ಎಂಬ ಹಣೆಪಟ್ಟಿಯನ್ನು ಅವನು ಈಗಾಗಲೇ ಹೊತ್ತಿದ್ದಾನೆ, ಇದು ಅದಕ್ಕಿಂತ ನಿಜವಾದದ್ದು ಮತ್ತು ಉಪಯೋಗಕ್ಕೆ ಬರುವಂಥದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಡಿಸ್ಲೆಕ್ಸಿಯಾ ಸೇರುವ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಮೀಸಲಾತಿಯಂಥ ಸೌಲಭ್ಯಗಳಿಗೆ ನ್ಯೂನತೆ ಶೇ 40 ಅಥವಾ ಹೆಚ್ಚು ಎಂದು ದೃಢಪಡಬೇಕು. ಪ್ರಮಾಣಪತ್ರ ಕೊಡುವುದು ಎಂಟು ವರ್ಷ ತುಂಬಿದ ಮೇಲೆ. 2018ರ ಮಾರ್ಗಸೂಚಿ 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ ಕೇಳುತ್ತಿತ್ತು. 2024ರಲ್ಲಿ ಮಾರ್ಗಸೂಚಿ ಪರಿಷ್ಕೃತವಾಗಿರುವುದರಿಂದ ಅರ್ಜಿ ಹಾಕುವಾಗ ಅವಧಿಯನ್ನು ಕೇಳಿಕೊಳ್ಳಿ. ಅರ್ಜಿ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್ಲಿನಲ್ಲಿ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಸಿಗುತ್ತದೆ. ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಇದರಿಂದ ದೊರೆಯುತ್ತವೆ. ಸಿಬಿಎಸ್‌ಇಯಲ್ಲಿ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಒಂಬತ್ತನೇ ಕ್ಲಾಸಿನವರೆಗೆ ತಡಮಾಡಿ ಕೊನೆಗಳಿಗೆಯಲ್ಲಿ ಓಡಾಡುವ ಪೋಷಕರು ಬಹಳ. ಹಳೆಯ ವರದಿ ಇಲ್ಲದೆ ಆಗ ಕಷ್ಟವಾಗುತ್ತದೆ. ಈಗಿನ ನೋಟ್‌ಬುಕ್ಕುಗಳನ್ನು, ಉಕ್ತಲೇಖನದ ಹಾಳೆಗಳನ್ನು ಎಸೆಯದೆ ಇಟ್ಟುಕೊಳ್ಳಿ.

ಇನ್ನು ಮಗಳು. ಡಿಸ್ಲೆಕ್ಸಿಯಾ ವಂಶದಲ್ಲಿ ಹರಿಯುತ್ತದೆ, ತಂದೆಗೂ ಅಣ್ಣನಿಗೂ ಇದ್ದರೆ ಅವಳಿಗೆ ಬರುವ ಸಂಭವ ಬೇರೆ ಮಕ್ಕಳಿಗಿಂತ ಹೆಚ್ಚೇ. ಹೆಣ್ಣುಮಕ್ಕಳು ಗಲಾಟೆ ಮಾಡದೆ ಸುಮ್ಮನೆ ಕೂರುವುದರಿಂದ ಶಾಲೆಯ ಕಣ್ಣಿಗೆ ಬೀಳುವುದು ಕಡಿಮೆ. ಐದು ವರ್ಷಕ್ಕೆ ಹೆಸರಿಡುವುದು ಬೇಡ. ಮಾತು ತಡವಾಗಿ ಬಂತೇ, ಪದದ ಅಕ್ಷರಗಳನ್ನು ಹಿಂದುಮುಂದು ಮಾಡುತ್ತಾಳೆಯೇ, ಪ್ರಾಸ ಹಿಡಿಯುತ್ತಾಳೆಯೇ, ಬಣ್ಣ, ಹಣ್ಣುಗಳ ಹೆಸರು ಹೇಳಲು ತಡಕಾಡುತ್ತಾಳೆಯೇ ಗಮನಿಸಿ. ಶಿಶುಪ್ರಾಸ, ಅಂತ್ಯಾಕ್ಷರಿ, ಚಪ್ಪಾಳೆ ತಟ್ಟಿ ಪದ ಒಡೆಯುವ ಆಟ ಈಗಿಂದಲೇ ಆಡಿ. ಅಣ್ಣನ ಮೊದಲ ಐದು ನಿಮಿಷದಲ್ಲಿ ಅವಳೂ ಸೇರಬಹುದು, ಆದರೆ ಇಬ್ಬರ ನಡುವೆ ಪೈಪೋಟಿ ಹಚ್ಚಬೇಡಿ. ಒಂದನೇ ಕ್ಲಾಸಿನ ಅರ್ಧ ಕಳೆದರೂ ಕಲಿಸಿದ ಅಕ್ಷರಗಳಲ್ಲಿ ಅರ್ಧ ನಿಲ್ಲದಿದ್ದರೆ, ಅಣ್ಣನಿಗೆ ಕಾದಷ್ಟು ಕಾಯದೆ ಆಗಲೇ ಪರೀಕ್ಷೆ ಮಾಡಿಸಿ.